ಕೌನ್ಸೆಲಿಂಗ್ ಕೋಣೆಯ ಗುಟ್ಟು ಆಲಮಟ್ಟಿಯ ಬಸ್‌ಸ್ಟ್ಯಾಂಡ್ ದಾಟಬಾರದು

ವಿಜಯಪುರ ಸೀಮೆಯಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವುದು ಹೆಸರನ್ನಲ್ಲ. 'ಯಾವೂರ್ರೀ ನಿಮ್ದು?' ಅಂತ ಕೇಳುತ್ತಾರೆ. ಎರಡನೇ ಪ್ರಶ್ನೆ, 'ಯಾರ ಮನ್ಯಾಗಿನವ್ರು?' ಮೂರನೇ ಪ್ರಶ್ನೆ ಬೇಕಾಗುವುದೇ ಇಲ್ಲ. ಅಷ್ಟರೊಳಗೆ ಬೀಗರ ಕಡೆಯದೋ, ತವರಿನ ಕಡೆಯದೋ ಒಂದು ಎಳೆ ಸಿಕ್ಕಿರುತ್ತದೆ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಬಸ್ಸಿನಲ್ಲಿ ಸೀಟು ಸಿಗುವುದೂ ಇದರಿಂದಲೇ, ಅಡ್ಡಹೊತ್ತಿನಲ್ಲಿ ಊಟ ಸಿಗುವುದೂ ಇದರಿಂದಲೇ. ಆದರೆ ಮಾನಸಿಕ ಆರೋಗ್ಯದ ಕ್ಲಿನಿಕ್‌ನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಲೆತಗ್ಗಿಸಿ ಕೂತವರಿಗೆ ಜಗತ್ತಿನಲ್ಲೇ ಅತಿ ಭಯಂಕರವಾದ ಎರಡು ಪ್ರಶ್ನೆಗಳು ಇವೇ.

ಹಳ್ಳಿಗಾಡಿನ ಜನ ಮಾನಸಿಕ ಚಿಕಿತ್ಸೆಗೆ ಯಾಕೆ ಬರುವುದಿಲ್ಲ ಎಂಬ ಚರ್ಚೆ ಬಂದಾಗಲೆಲ್ಲ ನಾವು 'ಅರಿವಿನ ಕೊರತೆ' ಎಂಬ ಸಿದ್ಧ ಉತ್ತರ ಕೊಟ್ಟು ಮುಗಿಸುತ್ತೇವೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇದೆ. ಚಿಕಿತ್ಸೆ ಬೇಕಿದ್ದೂ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರವರೆಗೆ. ಇವರೆಲ್ಲರಿಗೂ ತಿಳಿವಳಿಕೆ ಇಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಬಹಳ ಜನಕ್ಕೆ ಚೆನ್ನಾಗಿಯೇ ಗೊತ್ತಿದೆ. ತಮಗೆ ಏನಾಗುತ್ತಿದೆ ಎಂಬುದೂ ಗೊತ್ತು, ಅದನ್ನು ಹೇಳಿಕೊಂಡರೆ ಊರಲ್ಲಿ ಏನಾಗುತ್ತದೆ ಎಂಬುದೂ ಗೊತ್ತು.

ಉತ್ತರ ಕರ್ನಾಟಕದಲ್ಲಿ ಒಂದು ಮಾತಿದೆ, 'ಇವನ್ನ ಧಾರವಾಡಕ್ಕ ಕಳಸಬೇಕು ನೋಡು.' ಧಾರವಾಡದಲ್ಲಿ ವಿಶ್ವವಿದ್ಯಾಲಯವಿದೆ, ಸಂಗೀತವಿದೆ, ಫೇಡೆ ಇದೆ. ಆದರೆ ಈ ಮಾತು ಹೇಳುವವರ ಮನಸ್ಸಿನಲ್ಲಿರುವುದು ಅಲ್ಲಿನ ಹುಚ್ಚಾಸ್ಪತ್ರೆ, ಈಗದು ಡಿಮ್ಹಾನ್ಸ್. ತಮಾಷೆಗೆ ಹೇಳುವ ಮಾತೇ. ಆದರೆ ನಿಜವಾಗಿಯೂ ಅಲ್ಲಿಗೆ ಹೋಗಿ ಬಂದವರ ಮನೆಯ ಮಗಳಿಗೆ ಕನ್ಯೆ ಕೇಳಿಕೊಂಡು ಬರುವವರು ಕಡಿಮೆಯಾಗುತ್ತಾರೆ ಎಂಬುದು ತಮಾಷೆಯಲ್ಲ.

ಗುಟ್ಟು ಸೋರುವ ಜಾಗಗಳು

ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಆಲಮಟ್ಟಿ ಹತ್ತಿರದ ಒಂದು ಪುನರ್ವಸತಿ ಕೇಂದ್ರದವಳು. ಹೆಸರು ಬೇಡ. ರಾತ್ರಿ ನಿದ್ದೆ ಇಲ್ಲ, ಎದೆ ಡವಗುಟ್ಟುತ್ತದೆ, ಎರಡು ಸಲ ಜಲಾಶಯದ ದಂಡೆಯವರೆಗೆ ಹೋಗಿ ವಾಪಸ್ ಬಂದಿದ್ದಾಳೆ. ಯಾರೋ ಹೇಳಿದರು ಅಂತ ವಿಜಯಪುರದ ಒಂದು ಖಾಸಗಿ ಕೌನ್ಸೆಲಿಂಗ್ ಸೆಂಟರ್‌ಗೆ ಹೋಗಲು ಮನಸ್ಸು ಮಾಡುತ್ತಾಳೆ. ಮನೆಯಲ್ಲಿ ಏನು ಹೇಳುವುದು? 'ಹಲ್ಲಿನ ಡಾಕ್ಟರ್ ಹತ್ರ' ಎನ್ನುತ್ತಾಳೆ. ಬಸ್ಸಿನಲ್ಲಿ ಪಕ್ಕದ ಓಣಿಯ ಹೆಂಗಸು ಸಿಗುತ್ತಾಳೆ, ಅವಳಿಗೂ ಅದೇ ಉತ್ತರ. ಸೆಂಟರ್ ಇರುವುದು ಮುಖ್ಯರಸ್ತೆಯಲ್ಲಿ, ಮೊದಲ ಮಹಡಿಯಲ್ಲಿ. ಕೆಳಗೆ ಮೆಡಿಕಲ್ ಶಾಪ್, ಎದುರಿಗೆ ಚಹಾದಂಗಡಿ. ಮೆಟ್ಟಿಲು ಹತ್ತುವವರನ್ನು ರಸ್ತೆಯ ಎರಡೂ ಕಡೆಯವರು ನೋಡಬಹುದು. ಒಳಗೆ ರಿಸೆಪ್ಶನ್‌ನ ಹುಡುಗಿ ಜೋರಾಗಿ ಹೆಸರು ಕೂಗುತ್ತಾಳೆ. ಆಮೇಲೆ ಅದೇ ಪ್ರಶ್ನೆ, ಯಾವೂರು, ಯಾರ ಮನೆ. ಆ ಹುಡುಗಿಯ ಚಿಕ್ಕಮ್ಮನನ್ನು ಕೊಟ್ಟಿರುವುದು ನಿಡಗುಂದಿಗೆ!

ಥೆರಪಿಸ್ಟ್ ಬಾಯಿ ಬಿಟ್ಟಿಲ್ಲ ನೋಡಿ. ಅವರಿನ್ನೂ ಒಳಗೆ ಕೂತಿದ್ದಾರೆ. ಗುಟ್ಟು ಆಗಲೇ ಅರ್ಧ ದಾರಿಗೆ ಬಂದಿದೆ.

ಫೀಸು ಕೊಡುವಾಗ ಇನ್ನೊಂದು ಗಂಡಾಂತರ. ಟೇಬಲ್ ಮೇಲಿನ ಡಬ್ಬಿ ಇಷ್ಟು ರೂಪಾಯಿ ಸ್ವೀಕರಿಸಲಾಗಿದೆ ಅಂತ ಕೋಣೆಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಗಂಡನ ಖಾತೆಗೆ ಜೋಡಿಸಿದ ಫೋನ್‌ಪೇಯಲ್ಲಿ ಸೆಂಟರ್‌ನ ಹೆಸರು ಕಾಯಂ ಆಗಿ ಉಳಿಯುತ್ತದೆ. ಮುಂದಿನ ವಾರದ ಅಪಾಯಿಂಟ್‌ಮೆಂಟ್ ನೆನಪಿಸುವ ವಾಟ್ಸಾಪ್ ಮೆಸೇಜು ಮನೆಯಲ್ಲಿರುವ ಒಂದೇ ಒಂದು ಸ್ಮಾರ್ಟ್‌ಫೋನಿಗೆ ಬರುತ್ತದೆ, ಅದು ಮೈದುನನ ಕೈಯಲ್ಲಿರುತ್ತದೆ. ಇದ್ಯಾವುದೂ ದುರುದ್ದೇಶದಿಂದ ಆದದ್ದಲ್ಲ. ನಗರದ ಅನಾಮಿಕತೆಯನ್ನು ಲೆಕ್ಕದಲ್ಲಿಟ್ಟು ಕಟ್ಟಿದ ವ್ಯವಸ್ಥೆಯನ್ನು ಹಾಗ್ಹಾಗೇ ಎತ್ತಿ ತಂದು ಎಲ್ಲರೂ ಎಲ್ಲರನ್ನೂ ಬಲ್ಲ ಊರಲ್ಲಿ ಇಟ್ಟರೆ ಆಗುವುದೇ ಹೀಗೆ.

ಗುಟ್ಟು ಅಂದರೆ ಕೋಣೆಯೊಳಗೆ ಆಡಿದ ಮಾತು ಮಾತ್ರ ಎಂದು ಬಹಳಷ್ಟು ವೃತ್ತಿಪರರು ತಿಳಿದಿದ್ದಾರೆ. ಸಣ್ಣ ಊರಲ್ಲಿ ಆ ಕೋಣೆಗೆ ಹೋದದ್ದೇ ಗುಟ್ಟು. ಒಳಗೆ ಏನು ಮಾತಾಡಿದರು ಎಂಬುದನ್ನು ಊರು ತಾನೇ ಊಹಿಸಿಕೊಂಡು ತುಂಬಿಸುತ್ತದೆ, ಅದೂ ನಡೆದದ್ದಕ್ಕಿಂತ ಕೆಟ್ಟದಾಗಿ.

ಹೆಸರು ಕೊಟ್ಟವರು ನಮ್ಮವರೇ

ಖಾಸಗಿತನ ಎಂದರೆ ಬೆಂಗಳೂರಿನ ಇಂಗ್ಲಿಷ್ ಬಲ್ಲವರ ಶೋಕಿ ಎನ್ನುವವರಿಗೆ ಒಂದು ಸಂಗತಿ ನೆನಪಿಸಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪಿಗೆ ಇರುವುದು ಒಬ್ಬ ಕನ್ನಡಿಗರ ಹೆಸರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆಧಾರ್ ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರ ವಯಸ್ಸು 80 ದಾಟಿತ್ತು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಅದೇ ವರ್ಷ, ತೀರ್ಪಿಗೆ ಕೆಲವು ತಿಂಗಳ ಮೊದಲು, ಸಂಸತ್ತು ಎರಡು ಕಾಯ್ದೆಗಳನ್ನು ಒಪ್ಪಿತ್ತು. ಒಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಇನ್ನೊಂದು ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ. ಎರಡೂ 2018ರಲ್ಲಿ ಜಾರಿಗೆ ಬಂದವು. ಇವೆರಡನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ.

ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಅಸ್ವಸ್ಥತೆ ಇರುವವರಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಚಿಕಿತ್ಸೆ ಕೊಡುವ ಎಲ್ಲ ಆರೋಗ್ಯ ವೃತ್ತಿಪರರೂ ಅದನ್ನು ಕಾಪಾಡಬೇಕು. 24ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೊವನ್ನಾಗಲೀ ಮಾಹಿತಿಯನ್ನಾಗಲೀ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಡಿಜಿಟಲ್ ದಾಖಲೆಗಳಿಗೂ ಇದು ಅನ್ವಯ. ಕಾಯ್ದೆ ಮುರಿದರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಗದದ ಮೇಲೆ ಗಟ್ಟಿಯಾಗಿಯೇ ಇದೆ. ಆದರೆ ಈ ಕಾಯ್ದೆಯ 'ಮಾನಸಿಕ ಆರೋಗ್ಯ ವೃತ್ತಿಪರರು' ಎಂಬ ವ್ಯಾಖ್ಯಾನದಲ್ಲಿ ಮನೋವೈದ್ಯರಿದ್ದಾರೆ, ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋರೋಗ ಶುಶ್ರೂಷಕರು, ಮನೋರೋಗ ಸಮಾಜ ಕಾರ್ಯಕರ್ತರಿದ್ದಾರೆ, ಆಯುಷ್‌ನ ಕೆಲವು ಸ್ನಾತಕೋತ್ತರ ಪದವೀಧರರೂ ಇದ್ದಾರೆ. ಇಲ್ಲದವರು ಯಾರು ಗೊತ್ತೇ? ಕೌನ್ಸೆಲರ್. ಊರೂರಲ್ಲಿ ಬೋರ್ಡ್ ಹಾಕಿಕೊಂಡಿರುವವರು, ಆನ್‌ಲೈನ್‌ನಲ್ಲಿ 'ಥೆರಪಿಸ್ಟ್' ಎಂದು ಬರೆದುಕೊಂಡಿರುವವರು. ಜನ ಮೊದಲು ಹೋಗುವುದೇ ಇವರ ಹತ್ತಿರ.

ಎಚ್‌ಐವಿ ಕಾಯ್ದೆಗೆ ಮಾತ್ರ ಕೌನ್ಸೆಲರ್ ಗೊತ್ತು. ಸೋಂಕಿನ ವಿಷಯವನ್ನು ಸಂಗಾತಿಗೆ ತಿಳಿಸುವ ಅಧಿಕಾರ ವೈದ್ಯರಿಗೆ ಮತ್ತು ಸಮಾಲೋಚಕರಿಗೆ ಮಾತ್ರ ಎಂದು ಅದು ಹೆಸರಿಟ್ಟು ಹೇಳುತ್ತದೆ. ಅದಕ್ಕೂ ಮೆಟ್ಟಿಲುಗಳಿವೆ. ಸಂಗಾತಿಗೆ ನಿಜವಾಗಿ ಸೋಂಕು ತಗಲುವ ಅಪಾಯ ಇರಬೇಕು, ನೀವೇ ಹೇಳಿ ಎಂದು ಮೊದಲು ತಿಳಿಹೇಳಿರಬೇಕು, ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು ಮುಂಚೆಯೇ ತಿಳಿಸಿರಬೇಕು. ಜೊತೆಗೆ, ಹೇಳುವುದರಿಂದ ಹಿಂಸೆಯೋ ಮನೆಯಿಂದ ಹೊರಹಾಕುವುದೋ ಆಗುವ ಭಯವಿದ್ದರೆ, ಅದರಲ್ಲೂ ಹೆಂಗಸರ ವಿಷಯದಲ್ಲಿ, ಹೇಳಲೇಬಾರದು. ಕೋರ್ಟಿನಲ್ಲಿ ಹೆಸರು ಮರೆಮಾಚಿ ಬೇರೆ ಹೆಸರಲ್ಲಿ ಕೇಸು ನಡೆಸಲೂ ಅವಕಾಶ ಇದೆ. ಎಷ್ಟು ಲೋಕಜ್ಞಾನದಿಂದ ಬರೆದ ಕಾನೂನು ನೋಡಿ!

ಈ ಲೋಕಜ್ಞಾನ ಎಲ್ಲಿಂದ ಬಂತು? ಭಾಗಶಃ ನಮ್ಮ ಭಾಗದಿಂದಲೇ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಒಂದು ಕಾಲಕ್ಕೆ ಎಚ್‌ಐವಿ ಲೆಕ್ಕದಲ್ಲಿ ರಾಜ್ಯದ ಮುಂಚೂಣಿಯಲ್ಲಿದ್ದವು. 'ಆಪ್ತ ಸಮಾಲೋಚಕರು' ಎಂಬ ಪದ ಇಲ್ಲಿನ ಹಳ್ಳಿಗಳಿಗೆ ಬಂದದ್ದು ಬಹುಮಟ್ಟಿಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೋಣೆಯಿಂದ. ಪರೀಕ್ಷೆಗೆ ಮೊದಲು ಮಾತು, ಒಪ್ಪಿಗೆ, ಪರೀಕ್ಷೆಯ ನಂತರ ಮತ್ತೆ ಮಾತು. ಇದನ್ನೆಲ್ಲ ಗುತ್ತಿಗೆ ನೌಕರಿಯಲ್ಲಿದ್ದ ಸಮಾಲೋಚಕಿಯರು ನಮ್ಮ ಜನಕ್ಕೆ ಕಲಿಸಿದರು. ಆದರೂ ಜನ ಸ್ವಂತ ತಾಲೂಕು ಬಿಟ್ಟು ದೂರದ ಎಆರ್‌ಟಿ ಕೇಂದ್ರದಿಂದ ಮಾತ್ರೆ ತರುತ್ತಿದ್ದರು, ಡಬ್ಬಿಯ ಲೇಬಲ್ ಕಿತ್ತು ಬಿಸಾಕಿ ಮನೆಗೆ ಒಯ್ಯುತ್ತಿದ್ದರು. ಗುಟ್ಟು ಉಳಿದರೆ ಜನ ಮಾತ್ರೆ ತಗೋತಾರೆ, ಗುಟ್ಟು ಒಡೆದರೆ ಬಿಟ್ಟುಬಿಡ್ತಾರೆ. ಈ ಪಾಠ ಕಲಿಯಲು ಬಹಳ ಜೀವ ಹೋದವು. ಮಾನಸಿಕ ಆರೋಗ್ಯದ ಕ್ಷೇತ್ರ ಅದನ್ನು ಪಕ್ಕದ ಕೋಣೆಯಿಂದ ಎರವಲು ತರಲಿಲ್ಲ ಯಾಕೆ ಎಂಬುದು ನನಗೆ ಅರ್ಥವಾಗದ ವಿಷಯ.

ಮನೆಯವರಿಗೆ ಹೇಳಬಹುದಲ್ಲ?

ಇಲ್ಲೊಂದು ನಿಜವಾದ ತಕರಾರಿದೆ. 'ನಮ್ಮಲ್ಲಿ ರೋಗಿ ಒಬ್ಬಂಟಿ ಅಲ್ಲ. ಕರ್ಕೊಂಡು ಬರೋರು ಮನೆಯವರು, ದುಡ್ಡು ಕೊಡೋರು ಮನೆಯವರು, ಮಾತ್ರೆ ಕೊಡೋರೂ ಅವರೇ. ಅವರಿಗೆ ಹೇಳದೆ ಹ್ಯಾಂಗ?' ಎಂದು ಮನೋವೈದ್ಯರು ಕೇಳುತ್ತಾರೆ. ಸುಳ್ಳಲ್ಲ. ಕುಟುಂಬವನ್ನು ಚಿಕಿತ್ಸೆಯ ಭಾಗವಾಗಿ ನೋಡುವ ಪದ್ಧತಿಯನ್ನು ನಿಮ್ಹಾನ್ಸ್ ಬಹಳ ಹಿಂದೆಯೇ ಬೆಳೆಸಿದೆ, ಅದಕ್ಕೊಂದು ಪ್ರತ್ಯೇಕ ಕೌಟುಂಬಿಕ ಮನೋವೈದ್ಯಕೀಯ ಕೇಂದ್ರವೇ ಇದೆ. ತೀವ್ರ ಕಾಯಿಲೆಯಲ್ಲಿ ಮನೆಯವರ ಆಸರೆ ಇಲ್ಲದೆ ಏನೂ ನಡೆಯುವುದಿಲ್ಲ.

ಆದರೆ 'ಮನೆಯವರು' ಅಂದರೆ ಯಾರು? 2017ರ ಕಾಯ್ದೆ ಇದಕ್ಕೆ ಜಾಣ ಉತ್ತರ ಕೊಟ್ಟಿದೆ. ಯಾವುದೇ ವಯಸ್ಕ ವ್ಯಕ್ತಿ ತನಗೆ ಬೇಕಾದವರನ್ನು ನಾಮನಿರ್ದೇಶಿತ ಪ್ರತಿನಿಧಿ ಎಂದು ತಾನೇ ಬರೆದುಕೊಡಬಹುದು. ಗಂಡನೇ ಆಗಬೇಕೆಂದಿಲ್ಲ, ಮಾವನೇ ಆಗಬೇಕೆಂದಿಲ್ಲ. ಅಕ್ಕ ಆಗಬಹುದು, ಗೆಳತಿಯೂ ಆಗಬಹುದು. ಗೋಪ್ಯತೆಯ ವಿನಾಯಿತಿ ಇರುವುದು ಆ ಪ್ರತಿನಿಧಿಗೆ. ಬಾಗಿಲ ಹೊರಗೆ 'ಏನಂದ್ಳು ಡಾಕ್ಟ್ರೇ ನಮ್ಮ ಸೊಸಿ?' ಅಂತ ಕೇಳುವ ಹಿರಿಯರಿಗಲ್ಲ. ಪ್ರತಿನಿಧಿಯನ್ನು ನೇಮಿಸದಿದ್ದರೆ ಸಂಬಂಧಿಕರೇ ಆ ಜಾಗಕ್ಕೆ ಬರುತ್ತಾರೆ. ಹಾಗಾಗಿ ಮೊದಲ ಭೇಟಿಯಲ್ಲೇ ಈ ಪ್ರಶ್ನೆ ಕೇಳುವುದು ಮುಖ್ಯ. ಕೇಳುವ ಕ್ಲಿನಿಕ್‌ಗಳು ಬಹಳ ಇಲ್ಲ.

ಯಾಕೆ ಇದು ಇಷ್ಟು ದೊಡ್ಡ ವಿಷಯ ಅಂದರೆ, ನಮ್ಮಲ್ಲಿ ಮನೆಯೊಳಗಿನ ಮಾತು ನೇರ ಕೋರ್ಟಿಗೂ ಹೋಗುತ್ತದೆ, ಹೊಲದ ಪಾಲಿಗೂ ಹೋಗುತ್ತದೆ.

ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಒಂದು ಕಾರಣ. ಎಲ್ಲ ಅಸ್ವಸ್ಥತೆಯೂ ಅಲ್ಲ, ಜೊತೆಗೆ ಬಾಳಲು ಸಾಧ್ಯವೇ ಇಲ್ಲ ಎನ್ನುವ ಮಟ್ಟದ್ದು ಮಾತ್ರ. ಆದರೆ ವಕೀಲರ ನೋಟಿಸಿನಲ್ಲಿ ಆ ವ್ಯತ್ಯಾಸ ಎಲ್ಲಿ ಉಳಿಯುತ್ತದೆ? 'ಕೌನ್ಸೆಲಿಂಗ್‌ಗೆ ಹೋಗಿದ್ದಳು' ಎಂಬ ಒಂದು ಚೀಟಿ ಸಾಕು. ಶಾರದಾ ವಿರುದ್ಧ ಧರ್ಮಪಾಲ್ ಪ್ರಕರಣದಲ್ಲಿ (2003) ವೈವಾಹಿಕ ಕೇಸಿನಲ್ಲಿ ಗಂಡ ಅಥವಾ ಹೆಂಡತಿಯ ವೈದ್ಯಕೀಯ ತಪಾಸಣೆಗೆ ಕೋರ್ಟ್ ಆದೇಶಿಸಬಹುದು, ಅದು ಖಾಸಗಿತನದ ಉಲ್ಲಂಘನೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2025ರ ಜುಲೈನಲ್ಲಿ, ದಂಪತಿ ಕದ್ದು ಮಾಡಿಕೊಂಡ ಫೋನ್ ರೆಕಾರ್ಡಿಂಗನ್ನೂ ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಒಪ್ಪಬಹುದು ಎಂದಿತು. ಇನ್ನು ವಕೀಲರಿಗೆ ಕಕ್ಷಿದಾರ ಹೇಳಿದ ಮಾತಿಗೆ ಸಾಕ್ಷ್ಯ ಕಾನೂನಿನ ರಕ್ಷಣೆ ಇದೆ, ಹಳೆಯ ಕಾಯ್ದೆಯಲ್ಲೂ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ವೈದ್ಯರಿಗಾಗಲೀ ಥೆರಪಿಸ್ಟ್‌ಗಾಗಲೀ ಅಂಥದ್ದಿಲ್ಲ. ನ್ಯಾಯಾಧೀಶರು ಕರೆದು ಕೇಳಿದರೆ ಹೇಳಲೇಬೇಕು. ಕೊಲೆ ಮಾಡಿದವನು ವಕೀಲರ ಮುಂದೆ ಒಪ್ಪಿಕೊಂಡದ್ದು ಗುಟ್ಟಾಗಿ ಉಳಿಯಬಹುದು, ಸಾಯಬೇಕು ಅನ್ನಿಸಿತ್ತು ಅಂತ ಒಬ್ಬಳು ಥೆರಪಿಸ್ಟ್ ಮುಂದೆ ಅತ್ತದ್ದು ಉಳಿಯಲಾರದು.

ಆಲಮಟ್ಟಿ ಸುತ್ತ ಪಾಲಿನ ವಿಷಯ ಇನ್ನೂ ಸೂಕ್ಷ್ಮ. ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಇಷ್ಟು ದೊಡ್ಡ ಮೊತ್ತದ ಮಾತು ಮನೆಯೊಳಗೆ ಬಂದಾಗ ಅಣ್ಣತಮ್ಮಂದಿರ ನಡುವೆ, ಅಕ್ಕತಂಗಿಯರ ಹಕ್ಕಿನ ಸುತ್ತ ಏನೇನು ಏಳುತ್ತದೆ ಎಂಬುದನ್ನು ಈ ಭಾಗದವರಿಗೆ ವಿವರಿಸಿ ಹೇಳಬೇಕಿಲ್ಲ. ಹಿಂದಿನ ಹಂತಗಳಲ್ಲೇ ನೋಡಿದ್ದಾರೆ. ಇಂಥ ಹೊತ್ತಿನಲ್ಲಿ 'ಅವನಿಗೆ ತಲಿ ಸರಿ ಇಲ್ಲ, ಸಹಿ ನಡಿಯೂದಿಲ್ಲ' ಎಂಬ ಮಾತಿಗೆ ದುಡ್ಡಿನ ಬೆಲೆ ಬರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ಮಾನಸಿಕ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಒಬ್ಬರನ್ನು ಬುದ್ಧಿಸ್ವಾಸ್ಥ್ಯ ಇಲ್ಲದವರು ಎನ್ನುವಂತಿಲ್ಲ, ಅದನ್ನು ಕೋರ್ಟೇ ಘೋಷಿಸಬೇಕು ಎಂದು ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿದೆ. ಆದರೆ ಪಂಚಾಯ್ತಿ ಕಟ್ಟೆಯ ಮೇಲೆ ಸೆಕ್ಷನ್ ಓದುವವರು ಯಾರು?

ಹಾಗಾಗಿ ಒಬ್ಬ ಥೆರಪಿಸ್ಟ್ ತನ್ನ ನೋಟ್‌ಬುಕ್ಕಿನಲ್ಲಿ ಏನು ಬರೆಯುತ್ತಾರೆ, ಎಷ್ಟು ಬರೆಯುತ್ತಾರೆ ಎಂಬುದೇ ದೊಡ್ಡ ನಿರ್ಧಾರ. ಬಂದ ದಿನ, ಸಮಸ್ಯೆಯ ಸ್ವರೂಪ, ಕೊಟ್ಟ ಚಿಕಿತ್ಸೆ, ಜೀವಕ್ಕೆ ಅಪಾಯವಿದೆಯೇ ಎಂಬ ಅಂದಾಜು. ಇಷ್ಟು ಬೇಕು. ಅತ್ತೆ ಏನಂದಳು, ಯಾರ ಜೊತೆ ಮಾತಾಡಿದ್ದಳು, ಎಷ್ಟು ಸಾಲ ಮುಚ್ಚಿಟ್ಟಿದ್ದಳು ಎಂಬ ವಿವರ ಹೆಸರಿನ ಸಮೇತ ಬರೆದಿಟ್ಟರೆ ಅದು ಮುಂದೆ ಯಾರ ಕೈಗಾದರೂ ಆಯುಧವಾಗಬಹುದು. ಮರೆತು ಹೋಗುತ್ತದೆಂದು ಎಲ್ಲವನ್ನೂ ಬರೆದಿಡುವ ಪ್ರಾಮಾಣಿಕ ಥೆರಪಿಸ್ಟ್‌ಗಳಿಂದಲೇ ಹೆಚ್ಚು ಅಪಾಯ ಎಂದರೆ ಕೆಲವರಿಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ.

ಯಾವಾಗ ಬಾಯಿ ಬಿಡಬೇಕು

ಗುಟ್ಟು ಕಾಪಾಡುವುದೆಂದರೆ ಏನು ಕೇಳಿದರೂ ಸುಮ್ಮನಿರುವುದಲ್ಲ. ಇಲ್ಲಿ ಎಲ್ಲರೂ ಉದಾಹರಿಸುವ ಪ್ರಕರಣ ಅಮೆರಿಕದ್ದು. ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದ ಪ್ರೊಸೆಂಜಿತ್ ಪೊದ್ದಾರ್ ಎಂಬ ಭಾರತೀಯ ವಿದ್ಯಾರ್ಥಿ ಟಟಿಯಾನಾ ಟಾರಾಸಾಫ್ ಎಂಬ ಯುವತಿಯನ್ನು ಕೊಲ್ಲುವುದಾಗಿ ತನ್ನ ಥೆರಪಿಸ್ಟ್ ಮುಂದೆ ಹೇಳಿದ್ದ. ಥೆರಪಿಸ್ಟ್ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು, ಆದರೆ ಆ ಹುಡುಗಿಗೆ ಯಾರೂ ಹೇಳಲಿಲ್ಲ. 1969ರಲ್ಲಿ ಆತ ಅವಳನ್ನು ಕೊಂದ. ಅಪಾಯದಲ್ಲಿರುವವರನ್ನು ರಕ್ಷಿಸುವ ಹೊಣೆ ಥೆರಪಿಸ್ಟ್‌ಗೆ ಇದೆ ಎಂದು 1976ರಲ್ಲಿ ಅಲ್ಲಿನ ಕೋರ್ಟ್ ಹೇಳಿತು. ನಮ್ಮ ಕಾಯ್ದೆಯ 23ನೇ ಸೆಕ್ಷನ್ನಿನಲ್ಲೂ ಇದೇ ಬಗೆಯ ವಿನಾಯಿತಿ ಇದೆ. ಬೇರೆಯವರಿಗೆ ಹಾನಿಯಾಗುವುದನ್ನು ತಡೆಯಲು ಹೇಳಬಹುದು, ಆದರೆ ತಡೆಯಲು ಬೇಕಾದಷ್ಟು ಮಾತ್ರ.

ಇದಕ್ಕಿಂತ ನಿತ್ಯದ ಇಕ್ಕಟ್ಟು ನಮ್ಮ ಜಿಲ್ಲೆಗಳದ್ದು. ಬಾಲ್ಯವಿವಾಹ ಇನ್ನೂ ನಿಲ್ಲದ ಭಾಗ ಇದು. 17 ವರ್ಷದ ಹುಡುಗಿ, ಮದುವೆಯಾಗಿದೆ, ಬಸುರಿ, ನಿದ್ದೆ ಬರುವುದಿಲ್ಲ ಅಂತ ಬರುತ್ತಾಳೆ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ತಿಳಿಸಿದರೆ ಅವಳ ಗಂಡ ಜೈಲಿಗೆ, ಅವಳು ಬೀದಿಗೆ, ಮುಂದಿನ ಹತ್ತು ಹುಡುಗಿಯರು ಆ ಕಡೆ ಸುಳಿಯುವುದೂ ಇಲ್ಲ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಸಣ್ಣ ಕಿಟಕಿ ತೆರೆಯಿತು. ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ ಗರ್ಭಪಾತ ಮಾಡುವ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಹೇಳಬೇಕಿಲ್ಲ ಎಂದಿತು. ಅದು ವೈದ್ಯರಿಗೆ, ಆ ಒಂದು ಸಂದರ್ಭಕ್ಕೆ. ಕೌನ್ಸೆಲರ್ ಮುಂದೆ ಕೂತ ಹುಡುಗಿಗೆ ಆ ಕಿಟಕಿ ಇಲ್ಲ. ಮಗುವಿನ ಮೇಲಿನ ದೌರ್ಜನ್ಯ ಮುಚ್ಚಿಡಬೇಕು ಎಂದು ನಾನು ಹೇಳುತ್ತಿಲ್ಲ. ಬಾಯಿ ಬಿಡುವ ಮೊದಲೇ ಅವಳಿಗೆ ಗೊತ್ತಿರಬೇಕು, 'ಇಂಥಿಂಥ ಮಾತು ಹೇಳಿದರೆ ನಾನು ಮುಚ್ಚಿಡಲಾರೆನವ್ವಾ' ಎಂದು. ಎಲ್ಲ ಹೇಳಿಸಿಕೊಂಡು ಆಮೇಲೆ ಕಾನೂನು ತೋರಿಸುವುದು ಮೋಸ.

ಇನ್ನೊಂದು, ಕೀಟನಾಶಕ. ಹೊಲದ ಮನೆಯ ಮೂಲೆಯಲ್ಲಿ ಇರುವ ಬಾಟಲಿ ಎತ್ತಿಕೊಂಡವರನ್ನು ಆಸ್ಪತ್ರೆಗೆ ತಂದರೆ ಎಂಎಲ್‌ಸಿ ಆಗುತ್ತದೆ, ಠಾಣೆಗೆ ಸುದ್ದಿ ಹೋಗುತ್ತದೆ. 2017ರ ಕಾಯ್ದೆಯ 115ನೇ ಸೆಕ್ಷನ್ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಸೆಕ್ಷನ್ ಇಲ್ಲವೇ ಇಲ್ಲ. ಆದರೂ ಮರುದಿನ ಬೆಳಿಗ್ಗೆ ತಾಲೂಕಿನ ವಾಟ್ಸಾಪ್ ಗ್ರೂಪುಗಳಲ್ಲಿ ಹೆಸರು, ಊರು, ಕಾರಣ, ಕೆಲವೊಮ್ಮೆ ಆಸ್ಪತ್ರೆ ಮಂಚದ ಮೇಲಿನ ಫೋಟೊ ಸಮೇತ ಬಂದಿರುತ್ತದೆ. ಪ್ರೆಸ್ ಕೌನ್ಸಿಲ್ 2019ರಲ್ಲೇ ಮಾರ್ಗಸೂಚಿ ಹೊರಡಿಸಿ ಒಪ್ಪಿಗೆಯಿಲ್ಲದೆ ಫೋಟೊ, ಮಾಹಿತಿ ಪ್ರಕಟಿಸಬೇಡಿ ಅಂದಿದೆ. ಅದು ಮುದ್ರಣ ಮಾಧ್ಯಮಕ್ಕೆ. ನಮ್ಮಂಥ ವೆಬ್‌ಸೈಟುಗಳ ಮೇಲೆ, ಮೊಬೈಲ್ ಹಿಡಿದು ಆಸ್ಪತ್ರೆಗೆ ನುಗ್ಗುವ ಚಾನೆಲ್ಲುಗಳ ಮೇಲೆ ಕೌನ್ಸಿಲ್‌ಗೆ ಅಧಿಕಾರವಿಲ್ಲ. ಈ ಬರಹ ಓದುವವರಲ್ಲಿ ಸ್ಥಳೀಯ ವರದಿಗಾರರೂ ಇದ್ದೀರಿ, ಅದಕ್ಕೇ ಹೇಳಿದೆ.

ಆನ್‌ಲೈನ್ ಆದರೆ ಬಚಾವೇ?

ಊರಲ್ಲಿ ಯಾರೂ ನೋಡಬಾರದು ಅಂದರೆ ಆನ್‌ಲೈನ್ ಥೆರಪಿ ಒಳ್ಳೆಯದಲ್ಲವೇ ಎಂದು ಓದಿದ ಹುಡುಗರು ಕೇಳುತ್ತಾರೆ. ಹೌದು, ಬಸ್‌ಸ್ಟ್ಯಾಂಡ್ ತಪ್ಪುತ್ತದೆ. ಬೇರೆ ಬಸ್‌ಸ್ಟ್ಯಾಂಡ್ ಸಿಗುತ್ತದೆ. ಬೆಟರ್‌ಹೆಲ್ಪ್ ಎಂಬ ಜಗತ್ತಿನ ದೊಡ್ಡ ಥೆರಪಿ ಆ್ಯಪ್ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವುಗಳ ಜೊತೆ ಹಂಚಿಕೊಂಡದ್ದಕ್ಕೆ 2023ರಲ್ಲಿ ಅಮೆರಿಕದಲ್ಲಿ 78 ಲಕ್ಷ ಡಾಲರ್ ಕಟ್ಟಬೇಕಾಯಿತು. ಫಿನ್ಲೆಂಡಿನ ವಸ್ತಾಮೊ ಎಂಬ ಖಾಸಗಿ ಸೈಕೋಥೆರಪಿ ಸಂಸ್ಥೆಯದ್ದು ಇನ್ನೂ ಘೋರ. ಸುಮಾರು 33,000 ಜನರ ದಾಖಲೆ ಕಳುವಾಯಿತು. 2020ರ ಅಕ್ಟೋಬರ್‌ನಲ್ಲಿ ಕಳ್ಳ ಮೊದಲು ಸಂಸ್ಥೆಯನ್ನು, ಆಮೇಲೆ ಒಬ್ಬೊಬ್ಬ ರೋಗಿಯನ್ನೂ ಇಮೇಲ್ ಮೂಲಕ ಬೆದರಿಸಿದ. ಹಣ ಕೊಡಿ, ಇಲ್ಲವಾದರೆ ನೀವು ಥೆರಪಿಸ್ಟ್‌ಗೆ ಹೇಳಿದ್ದನ್ನೆಲ್ಲ ಬಯಲು ಮಾಡುತ್ತೇನೆ ಎಂದು. 2024ರಲ್ಲಿ ಅವನಿಗೆ 6 ವರ್ಷಕ್ಕೂ ಹೆಚ್ಚು ಶಿಕ್ಷೆ ಕೊಟ್ಟರು, ಬಯಲಾದದ್ದು ಮಾತ್ರ ಮರಳಿ ಒಳಗೆ ಹೋಗಲಿಲ್ಲ.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಾರಿಕೆಗಳು ಇನ್ನೂ ಹಂತಹಂತವಾಗಿ ಜಾರಿಯಾಗಬೇಕು. 250 ಕೋಟಿ ರೂಪಾಯಿವರೆಗೆ ದಂಡದ ಮಾತಿದೆ. ಆದರೆ 2011ರ ಹಳೆಯ ಐಟಿ ನಿಯಮಗಳಲ್ಲಿ ಮಾನಸಿಕ ಆರೋಗ್ಯದ ಮಾಹಿತಿಯನ್ನು 'ಸೂಕ್ಷ್ಮ' ಎಂದು ಬೇರೆ ಸಾಲಿನಲ್ಲಿ ಇಟ್ಟಿದ್ದರು, ಹೊಸ ಕಾಯ್ದೆ ಆ ಬೇಧವನ್ನೇ ಕೈಬಿಟ್ಟಿದೆ. ನಿಮ್ಮ ಖಿನ್ನತೆಯ ವಿವರಕ್ಕೂ ನೀವು ಪಿಜ್ಜಾ ತರಿಸಿದ ವಿಳಾಸಕ್ಕೂ ಒಂದೇ ತಕ್ಕಡಿ. ಮತ್ತು ಹೆಸರೇ ಹೇಳುವಂತೆ ಅದು ಡಿಜಿಟಲ್ ಮಾಹಿತಿಗೆ ಮಾತ್ರ. ಮೊದಲ ಮಹಡಿಯ ಸೆಂಟರಿನ ಉದ್ದನೆಯ ರಿಜಿಸ್ಟರ್ ಪುಸ್ತಕ ಅದರ ಹೊರಗೆ.

ಸರ್ಕಾರದ ಟೆಲಿ ಮಾನಸ್ 14416 ಸಂಖ್ಯೆ 2022ರ ಅಕ್ಟೋಬರ್ 10ರಿಂದ ಇದೆ, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ಯಾರೂ ನೋಡದ ಹಾಗೆ ಸಹಾಯ ಪಡೆಯಲು ಸದ್ಯಕ್ಕೆ ಇದೇ ಹತ್ತಿರದ ದಾರಿ. ಒಂದೇ ಕೋಣೆಯ ಮನೆಯಲ್ಲಿ ಎಲ್ಲಿ ನಿಂತು ಮಾತಾಡುವುದು ಎಂಬ ಪ್ರಶ್ನೆಗೆ ಮಾತ್ರ ಟೆಲಿಫೋನ್ ಉತ್ತರ ಕೊಡಲಾರದು. ಹೊಲಕ್ಕೆ ಹೋಗಿ ಮಾತಾಡಬೇಕು.

ಗುರುತು ಹಿಡಿಯದವರು

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದು ಒಳ್ಳೆಯ ಕೆಲಸ. 'ಸೂಪರ್ ಟ್ಯೂಸ್‌ಡೇ ಕ್ಲಿನಿಕ್' ಅಂತ ಹೆಸರಿಟ್ಟರು. ಅದರ ಒಂದು ಸಣ್ಣ ತೊಡಕು: ಆ ಮಂಗಳವಾರ ಆ ಬಾಗಿಲ ಮುಂದೆ ಕೂತವರು ಯಾಕೆ ಬಂದಿದ್ದಾರೆ ಎಂದು ಇಡೀ ತಾಲೂಕಿಗೇ ಗೊತ್ತು. ಸಕ್ಕರೆ ಕಾಯಿಲೆ, ಬಿಪಿ ನೋಡುವ ಸಾಮಾನ್ಯ ಒಪಿಡಿಯ ಸಾಲಿನಲ್ಲೇ ಕೂರಿಸಿ, ಟೋಕನ್ ನಂಬರ್ ಮಾತ್ರ ಕೂಗಿದರೆ ಖರ್ಚೇನು? ಖಾಸಗಿ ಸೆಂಟರುಗಳಿಗೂ ಇದೇ ಮಾತು. ಬೋರ್ಡಿನಲ್ಲಿ 'ಮನೋ' ಎಂದು ಎರಡು ಅಡಿಯ ಅಕ್ಷರ ಯಾಕೆ ಬೇಕು? ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕಾಲು ಗಂಟೆ ಬಿಟ್ಟು ಸಮಯ ಕೊಟ್ಟರೆ ಮೆಟ್ಟಿಲ ಮೇಲೆ ಮುಖಾಮುಖಿ ತಪ್ಪುತ್ತದೆ. ಯಾವ ನಂಬರಿಗೆ ಮೆಸೇಜ್ ಹಾಕಬಹುದು ಎಂದು ಕೇಳಿ ಹಾಕಬಹುದು, ಹಾಕದೆಯೂ ಇರಬಹುದು. ರಿಸೆಪ್ಶನ್‌ನ ಹುಡುಗಿಗೆ ವಾರದ ತರಬೇತಿಯೇನೂ ಬೇಡ, 'ಯಾರ ಮನ್ಯಾಗಿನವ್ರು' ಅಂತ ಕೇಳಬೇಡವ್ವಾ ಎಂದರೆ ಸಾಕು.

2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆಯಲ್ಲಿ ಸೈಕಾಲಜಿಸ್ಟ್, ಕೌನ್ಸೆಲರ್‌ಗಳಿಗೂ ಒಂದು ಪಟ್ಟಿ ಇದೆ. ನೋಂದಣಿ ಪೂರ್ತಿಯಾಗಿ ನಡೆದರೆ, ಗುಟ್ಟು ಒಡೆದವರ ಮೇಲೆ ದೂರು ಕೊಡಲು ಒಂದು ವಿಳಾಸವಾದರೂ ಸಿಗುತ್ತದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 100ಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಿಗೆ ತರಬೇತಿ ಪಡೆದ ಕೌನ್ಸೆಲರ್ ಇರಬೇಕು ಎಂದ ಮೇಲೆ ಇದು ಇನ್ನೂ ತುರ್ತು. ಮಗು ಹೇಳಿದ್ದನ್ನು ಹೆಡ್‌ಮಾಸ್ತರರಿಗೆ ಹೇಳಬೇಕೋ ಬೇಡವೋ ಎಂದು ಗೊತ್ತಿಲ್ಲದವರನ್ನು ನೇಮಿಸಿ ಸಂಖ್ಯೆ ತುಂಬಿಸಿದರೆ, ಆ ಕೋಣೆ ಶಾಲೆಯ ಇನ್ನೊಂದು ದೂರುಪೆಟ್ಟಿಗೆಯಾಗುತ್ತದೆ.

ಸಣ್ಣ ಊರಿನ ಥೆರಪಿಸ್ಟ್‌ಗೆ ಒಂದು ವಿಶೇಷ ಕಷ್ಟವಿದೆ, ಅದನ್ನೂ ಹೇಳಬೇಕು. ಸೋಮವಾರ ಎದುರಿಗೆ ಕೂತು ಅತ್ತವರು ಗುರುವಾರ ಸಂತೆಯಲ್ಲಿ ಸಿಗುತ್ತಾರೆ, ಭಾನುವಾರ ಒಂದೇ ಮದುವೆಯ ಪಂಕ್ತಿಯಲ್ಲಿ ಎದುರುಬದುರು ಕೂರುತ್ತಾರೆ. ವೃತ್ತಿಯ ರೂಢಿ ಏನೆಂದರೆ, ಥೆರಪಿಸ್ಟ್ ತಾನಾಗಿ ಮಾತಾಡಿಸಬಾರದು. ಅವರು ಮಾತಾಡಿಸಿದರೆ ಮಾತ್ರ ಮಾತಾಡಬೇಕು. ನಮ್ಮ ಕಡೆ ಕಂಡೂ ಮಾತಾಡಿಸದೆ ಹೋಗುವುದೆಂದರೆ ಅವಮಾನ. 'ದೊಡ್ಡವರಾಗ್ಯಾರ, ಗುರುತಾ ಹಿಡೀಲಿಲ್ಲ' ಅನ್ನುತ್ತಾರೆ. ಅದಕ್ಕೇ ಮೊದಲ ದಿನವೇ ಕೂರಿಸಿಕೊಂಡು ಹೇಳಬೇಕಾಗುತ್ತದೆ: 'ಸಂತ್ಯಾಗ ಸಿಕ್ರ ನಾ ನಿಮ್ಮನ್ನ ಮಾತಾಡಸೂದಿಲ್ರೀ ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಾತಾಡಸಬೇಕನ್ನಿಸಿದ್ರ ನೀವ ಮಾತಾಡಸ್ರಿ.'